ಕರತಲಾಮಲಕ

ಮಲ್ಲೇಶ್ವರ, ಬಸವನಗುಡಿಗಳ ಒಣಹಣ್ಣಿನ ಅಂಗಡಿಗಳಲ್ಲಿ ಈಗೀಗ ಚೀನಾ ದೇಶದ ‘ಗೋಜಿ’ ಎಂಬ ಕೆಂಪು ಹಣ್ಣು ಕಾಣಬರುತ್ತಿರುವುದು. ಕಣ್ಣಿಗೂ ಯಕೃತ್ತಿಗೂ ಹಿತವೆಂದು ಆ ದೇಶದ ವೈದ್ಯರು ಬಹುಕಾಲದಿಂದ ಬಳಸಿದ ಫಲವದು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಆ ಚೀನೀಯರೇ ನಮ್ಮ ನೆಲ್ಲಿಯ ಹೆಸರನ್ನು ತಮ್ಮ ಔಷಧಕೋಶಕ್ಕೆ ಬರಮಾಡಿಕೊಂಡಿದ್ದರೆಂಬುದು ವಾಚಕರಲ್ಲಿ ಹಲವರಿಗೆ ಹೊಸ ಸಂಗತಿಯಾಗಿರಬಹುದು.

ಕ್ರಿ. ಶ. 659ರಲ್ಲಿ ಟಾಂಗ್ ವಂಶದ ಅರಸನ ಆಜ್ಞೆಯಿಂದ ಸಿದ್ಧವಾದ ಔಷಧಗ್ರಂಥದಲ್ಲಿ ನೆಲ್ಲಿಯನ್ನು ‘ಅನ್‌ಮೋಲೆ’ ಎಂದು ಕರೆದಿದೆ. ಇದು ಸಂಸ್ಕೃತದ ‘ಆಮಲಕ’ವೇ ಹೊರತು ಬೇರಲ್ಲ. ಮರವು ಚೀನಾದ ದಕ್ಷಿಣಭಾಗದಲ್ಲಿಯೂ ತಾನಾಗಿ ಬೆಳೆಯತಕ್ಕದ್ದೇ. ಹೆಸರು ಮಾತ್ರ ಇಲ್ಲಿಂದ ಹೋದದ್ದು. ಅವರಲ್ಲಿ ಅದಕ್ಕೆ ‘ಉಳಿದ ಸವಿಯ ಕಾಯಿ’ ಎಂಬರ್ಥದ ಇನ್ನೊಂದು ಹೆಸರೂ ಉಂಟು. ನೆಲ್ಲಿಯನ್ನು ಅಗಿದು ನೀರು ಕುಡಿದ ಯಾವ ಬಾಲಕನಿಗೂ ಇದರ ಅರ್ಥವನ್ನು ವಿವರಿಸಬೇಕಾದುದಿಲ್ಲ.

ಇದಕ್ಕೆ ಕೆಲವೇ ವರ್ಷ ಮುಂಚೆ, 645ರಲ್ಲಿ, ಸ್ವದೇಶಕ್ಕೆ ಮರಳಿದ ಹ್ಯೂಯೆನ್‌ತ್ಸಾಂಗನು ಪಾಟಲಿಪುತ್ರದ ಆಮಲಕಸ್ತೂಪವನ್ನು ವರ್ಣಿಸಿರುವನು. ಅಧಿಕಾರವೆಲ್ಲ ಮಂತ್ರಿಗಳ ಪಾಲಾದ ಮೇಲೆ ಅಶೋಕ ಚಕ್ರವರ್ತಿಯು ಕೈಯಲ್ಲುಳಿದ ಅರ್ಧ ನೆಲ್ಲಿಯನ್ನೇ ಸಂಘಕ್ಕೆ ದಾನಮಾಡಿದನೆಂಬುದು ಬೌದ್ಧರ ಐತಿಹ್ಯ. ನಮಗೆ ಕರತಲಾಮಲಕವೆಂದರೆ ಸಂದೇಹವಿಲ್ಲದ ತಿಳಿವು. ಆ ಕಥೆಯಲ್ಲಿ ಅದು ಒಬ್ಬ ಸಾರ್ವಭೌಮನ ಸಮಸ್ತ ಐಶ್ವರ್ಯ.

ಚರಕಸಂಹಿತೆಯ ಚ್ಯವನಪ್ರಾಶಕ್ಕೆ 500 ನೆಲ್ಲಿಕಾಯಿ ಬೇಕೆಂಬುದು ಪ್ರಸಿದ್ಧ. ಆದರೆ ಅದೇ ರಸಾಯನಾಧ್ಯಾಯದ ಮೂರನೆಯ ಪಾದಕ್ಕೆ ‘ಕರಪ್ರಚಿತೀಯ’ವೆಂದೇ ಹೆಸರೆಂಬುದನ್ನು ಗಮನಿಸುವವರು ಕಡಮೆ. ಕರಪ್ರಚಿತವೆಂದರೆ ಕೈಯಿಂದ ಬಿಡಿಸಿದ್ದು. ಹಾಗೆ ಬಿಡಿಸಿದ ಗುಣವುಳ್ಳ ಕಾಯಿಗಳ ಬೀಜ ತೆಗೆದು, ಒಣಗಿಸಿ ಪುಡಿಮಾಡಿ, ಮಾಘದಲ್ಲಾಗಲಿ ಫಾಲ್ಗುಣದಲ್ಲಾಗಲಿ ನೆಲ್ಲಿಯ ರಸದಲ್ಲೇ 21 ಬಾರಿ ನೆನೆಸಬೇಕೆಂದು ಅಲ್ಲಿ ವಿಧಿ. ಕಿತ್ತಳೆಗಿಂತ ಇದರಲ್ಲಿ ‘ಸಿ’ ಜೀವಸತ್ವ ಹಲವು ಮಡಿ ಅಧಿಕವೆಂದು ಇಂದಿನ ರಸಾಯನಶಾಸ್ತ್ರಜ್ಞರು ಕಂಡುಕೊಂಡಿರುವರು. ಆಚಾರ್ಯನು ಫಲದೊಡನೆ ಅದನ್ನು ಬಿಡಿಸುವ ಕೈಯನ್ನೂ ನೆನೆದನು.

ನಮ್ಮ ನಗರದಲ್ಲಿ ನಡೆಯುವುದೇನು? ಉತ್ಥಾನದ್ವಾದಶಿಯ ಹಿಂದಿನ ದಿನ ಗಾಂಧಿ ಬಜಾರಿನಲ್ಲಿಯೂ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೂ ಕಾಯಿಸಹಿತ ಮುರಿದ ನೆಲ್ಲಿಯ ರೆಂಬೆಗಳು ರಾಶಿಬೀಳುವುವು. ಕಾರ್ತಿಕದಲ್ಲಿ ಮುರಿದ ರೆಂಬೆ ಮಾಘದಲ್ಲಿ ಫಲಕೊಡಲಾರದು. ತುಳಸೀಕಟ್ಟೆಯಲ್ಲಿ ಒಂದು ರಾತ್ರಿ ನಿಂತು ಅದು ಮರುದಿನ ಕಸದ ಗಾಡಿಗೆ ಬೀಳುವುದು. ಎಷ್ಟೋ ಮನೆಗಳಲ್ಲಿ ಅದರ ಕಾಯಿಗಳನ್ನು ಬಿಡಿಸಿಕೊಳ್ಳುವುದೂ ಇಲ್ಲ. ಧಾತ್ರಿಯನ್ನು ಪೂಜಿಸಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಹಿತ್ತಿಲಿನಲ್ಲಿ ನೆಲ್ಲಿಯಿದ್ದ ದಿನಗಳಲ್ಲಿ ಒಂದು ಸಣ್ಣ ಕಡ್ಡಿ ಸಾಕಾಗುತ್ತಿದ್ದಿತು. ಈಗಲೂ ಒಂದು ತಟ್ಟೆಯಲ್ಲಿ ನಾಲ್ಕು ಕಾಯಿಗಳನ್ನಿಟ್ಟು ಪೂಜಿಸಿ, ಮಾರನೆಯ ದಿನ ಅವನ್ನೇ ಗೊಜ್ಜಿಗೋ ತಂಬುಳಿಗೋ ಹಾಕಿಕೊಳ್ಳಬಹುದಷ್ಟೆ.