ಕೋಟಿ ಎಣಿಸಿದ್ದು ಸಾಕು, ಗದೆಯ ಭಾರ ನೋಡಿ

2024ರ ಆಗಸ್ಟ್ 16, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ. ರಜೆ ಹಾಕಿ ಆಲೂರು ಕಡೆ ನೆಂಟರ ಮನೆಗೆ ಹೋಗಿದ್ದೆ. ಕೆಲವೇ ವಾರಗಳ ಹಿಂದೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಕಲೇಶಪುರದ ರಸ್ತೆ, ರೈಲು ಎರಡೂ ನಿಂತಿದ್ದವು. ಮಳೆ ಇನ್ನೂ ಬಿಟ್ಟಿರಲಿಲ್ಲ. ಸಂಜೆ ಟೀ ಕುಡಿಯೋಣ ಅಂತ ರಸ್ತೆ ಬದಿಯ ಸಣ್ಣ ಹೋಟೆಲಿಗೆ ಹೋದೆ. ಕರೆಂಟ್ ಇಲ್ಲ. ಆದ್ರೆ ಮೊಬೈಲ್‌ಗೆ ಸುದ್ದಿ ಬಂದಿತ್ತು. 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಘೋಷಣೆ. 'ಕಾಂತಾರ'ಕ್ಕಾಗಿ ರಿಷಬ್ ಶೆಟ್ಟಿ ಅತ್ಯುತ್ತಮ ನಟ. ಅತ್ಯುತ್ತಮ ಕನ್ನಡ ಚಿತ್ರ 'ಕೆಜಿಎಫ್ ಚಾಪ್ಟರ್ 2'. ಸಾಹಸ ನಿರ್ದೇಶನದ ಪ್ರಶಸ್ತಿಯೂ ಅದಕ್ಕೇ.

ಹೋಟೆಲಲ್ಲಿ ಇಬ್ಬರು ಹುಡುಗರು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ದೊಡ್ಡವನು ಶುಂಠಿ, ಕಾಫಿ ಮೂಟೆ ಸಾಗಿಸೋ ಪಿಕಪ್ ಓಡಿಸ್ತಾನೆ. ಚಿಕ್ಕವನು ಹಾಸನದಲ್ಲಿ ಎಂಜಿನಿಯರಿಂಗ್ ಓದ್ತಾನೆ. ಇಬ್ಬರಿಗೂ ಜಗಳ.

"ಈಗ್ಲಾದ್ರೂ ಒಪ್ಕಳೋ. ಸೆಂಟ್ರಲ್ ಗೌರ್ಮೆಂಟೇ ಪ್ರಶಸ್ತಿ ಕೊಟ್ಟದೆ. ನಮ್ಮ ಹಾಸನದ ಹುಡುಗ!"

"ಪ್ರಶಸ್ತಿ ಬಂದ್ರೆ ಕಲೆ ಆಗೋಗುತ್ತಾ ಅಣ್ಣ? ಸ್ಲೋ ಮೋಷನ್ನು, ಬಿಲ್ಡಪ್ಪು ತೆಗೆದ್ರೆ ಅದ್ರಲ್ಲಿ ಏನಿದೆ? ನೋಲನ್ ಮಾಡಿರೋ 'ಡಾರ್ಕ್ ನೈಟ್' ನೋಡು. ಅದು ಸಿನಿಮಾ."

"ಬಾವಲಿ ಡ್ರೆಸ್ ಹಾಕ್ಕಂಡು ಬಿಲ್ಡಿಂಗಿಂದ ಹಾರ್ತಾನಲ್ಲ, ಅದು ಬಿಲ್ಡಪ್ ಅಲ್ವಾ? ನಮ್ದು ಸಾವಿರ ಕೋಟಿ ದಾಟ್ತು ಕಣೋ. ನೋಡಿದ ಜನ ಎಲ್ಲಾ ದಡ್ಡರಾ?"

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದ್ರು. "ಸಾರ್, ನೀವೇ ಹೇಳಿ. ದಿನಾ ಟೀವಿಲಿ ಹೇಳ್ತೀರಲ್ಲ."

ನನಗೆ ಮಾತು ಬರಲಿಲ್ಲ. ಯಾಕೆ ಅಂದ್ರೆ ಆ 'ಸಾವಿರ ಕೋಟಿ' ನನ್ನದೇ ಮಾತು. 2022ರ ಏಪ್ರಿಲ್ 14ಕ್ಕೆ 'ಚಾಪ್ಟರ್ 2' ಬಿಡುಗಡೆ ಆದಾಗ ದಿನಾ ರಾತ್ರಿ ಪರದೆ ಕೆಳಗೆ ಕಲೆಕ್ಷನ್ ಪಟ್ಟಿ ಓಡಿಸಿದವರು ನಾವು. ಮೊದಲ ದಿನ ಎಷ್ಟು, ಹಿಂದಿಯಲ್ಲಿ ಎಷ್ಟು, ಯಾರ ದಾಖಲೆ ಮುರೀತು. ಸಿನಿಮಾ ಹೇಗಿದೆ ಅಂತ ಮಾತಾಡಿದ್ದು ಐದು ನಿಮಿಷ ಇರಬಹುದು. ಒಮ್ಮೆ ಸಣ್ಣ ಸಿನಿಮಾ ಮಾಡಿದ ಒಬ್ಬ ನಿರ್ದೇಶಕರನ್ನ ಸ್ಟುಡಿಯೋಗೆ ಕರೆದು ನಾನು ಕೇಳಿದ ಮೊದಲ ಪ್ರಶ್ನೆ, "ಕಲೆಕ್ಷನ್ ಎಷ್ಟಾಯ್ತು?" ಅವರು ಸುಮ್ಮನೆ ನನ್ನ ಮುಖ ನೋಡಿದ್ರು. ಆ ನೋಟ ನನಗೆ ಇನ್ನೂ ನೆನಪಿದೆ.

ಈ ಜಗಳ ಆಲೂರಿನದ್ದು ಮಾತ್ರ ಅಲ್ಲ, ವೀಕ್ಷಕರೇ. 2019ರ ಏಪ್ರಿಲ್‌ನಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಬಂತು. ಜಗತ್ತಿನಾದ್ಯಂತ 270 ಕೋಟಿ ಡಾಲರ್‌ಗೂ ಹೆಚ್ಚು ಗಳಿಸ್ತು. ನಮ್ಮ ದೇಶದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ನಮ್ಮ ಮಲೆನಾಡಿನ ಹುಡುಗರು ಬೇರೆ ಭಾಷೆಯಲ್ಲೇ ನೋಡಿ ಅಭಿಮಾನಿಗಳಾದ್ರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾಲಿವುಡ್‌ನ ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಒಂದು ಸಂದರ್ಶನದಲ್ಲಿ ಮಾರ್ವೆಲ್ ಚಿತ್ರಗಳು ಸಿನಿಮಾನೇ ಅಲ್ಲ, ಅವು ಮನರಂಜನಾ ಪಾರ್ಕ್ ಇದ್ದ ಹಾಗೆ ಅಂದುಬಿಟ್ಟರು. ಅಭಿಮಾನಿಗಳು ಸಿಡಿದೆದ್ದರು. ಸೂಪರ್‌ಹೀರೋ ಚಿತ್ರ ಮಾಡೋ ಜೇಮ್ಸ್ ಗನ್ ಒಳ್ಳೆ ಉತ್ತರ ಕೊಟ್ಟರು: ನಮ್ಮ ತಾತಂದಿರು ಗ್ಯಾಂಗ್‌ಸ್ಟರ್ ಸಿನಿಮಾಗಳನ್ನೂ ಹೀಗೇ ಹೀಗಳೆದಿದ್ರು ಅಂತ. ಸ್ಕಾರ್ಸೆಸಿ ಹೆಸರು ಮಾಡಿದ್ದೇ ಗ್ಯಾಂಗ್‌ಸ್ಟರ್ ಸಿನಿಮಾಗಳಿಂದ ಅನ್ನೋದನ್ನ ಮರೀಬೇಡಿ.

ಆ ವರ್ಷ ಇನ್ನೂ ಎರಡು ಘಟನೆ ನಡೆದವು. 'ಬ್ಲ್ಯಾಕ್ ಪ್ಯಾಂಥರ್' ಆಸ್ಕರ್‌ನ ಅತ್ಯುತ್ತಮ ಚಿತ್ರ ವಿಭಾಗಕ್ಕೆ ನಾಮಕರಣಗೊಂಡ ಮೊದಲ ಸೂಪರ್‌ಹೀರೋ ಚಿತ್ರ ಆಯ್ತು. ವೆನಿಸ್ ಚಿತ್ರೋತ್ಸವದ ಸ್ವರ್ಣ ಸಿಂಹ 'ಜೋಕರ್'ಗೆ ಸಿಕ್ತು. ಅಂದ್ರೆ ಪಂಡಿತರ ಮನೆ ಬಾಗಿಲೂ ತೆರೆದಿತ್ತು.

ಈಗ ನಮ್ಮ ಮನೆಗೆ ಬನ್ನಿ. ಕನ್ನಡದಲ್ಲಿ ಈ ಜಗಳ ಸಿನಿಮಾಗಿಂತ ಹಳೇದು. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದಿತ್ತು. ಜನ ಮುಗಿಬಿದ್ದರು. ಆ ಕಾಲದ ಬ್ಲಾಕ್‌ಬಸ್ಟರ್ ಅದು. ಇನ್ನೊಂದು ಕಡೆ ಕೈಲಾಸಂ, ಶ್ರೀರಂಗರಂಥವರು ಈ ಆಡಂಬರ ಬೇಡ, ಮನೆಯೊಳಗಿನ ಮಾತು, ನಿಜ ಜೀವನ ರಂಗಕ್ಕೆ ಬರಲಿ ಅಂತ ಬೇರೆ ದಾರಿ ಹಿಡಿದರು. ಇವತ್ತು ಆ ಇಬ್ಬರಲ್ಲಿ ಯಾರನ್ನ ಬಿಡ್ತೀರಿ? ಗುಬ್ಬಿ ಕಂಪನಿ ಇಲ್ಲದಿದ್ರೆ 1954ರ 'ಬೇಡರ ಕಣ್ಣಪ್ಪ' ಇಲ್ಲ, ರಾಜ್‌ಕುಮಾರ್ ಇಲ್ಲ, ನರಸಿಂಹರಾಜು ಇಲ್ಲ. ಅದೇ ಚಿತ್ರದಲ್ಲಿ ನಟಿಸಿದ ಜಿ.ವಿ. ಅಯ್ಯರ್ ಮುಂದೆ 1983ರಲ್ಲಿ 'ಆದಿ ಶಂಕರಾಚಾರ್ಯ' ಮಾಡಿ ಸ್ವರ್ಣ ಕಮಲ ತಂದರು. ಕಂಪನಿ ನಾಟಕದಿಂದ ಬಂದ ಮನುಷ್ಯ ದೇಶದ ಮೊದಲ ಸಂಸ್ಕೃತ ಚಿತ್ರ ಮಾಡಿದ್ರು.

ಎಪ್ಪತ್ತರ ದಶಕ ನೋಡಿ. 1970ರಲ್ಲಿ 'ಸಂಸ್ಕಾರ' ದೇಶದ ಅತ್ಯುತ್ತಮ ಚಿತ್ರ. ನಮ್ಮ ಪಕ್ಕದ ಶೃಂಗೇರಿ ಸೀಮೆಯಲ್ಲಿ ತೆಗೆದದ್ದು. ಅದರ ಹಿಂದೆಯೇ 'ವಂಶವೃಕ್ಷ'. ಕಾದಂಬರಿ ಬರೆದ ಎಸ್.ಎಲ್. ಭೈರಪ್ಪನವರು ಹಾಸನ ಜಿಲ್ಲೆ ಸಂತೇಶಿವರದವರು. ಯಶ್ ಹುಟ್ಟಿದ್ದೂ ಇದೇ ಜಿಲ್ಲೆಯಲ್ಲಿ. ಒಂದೇ ಜಿಲ್ಲೆಯ ಮಣ್ಣು ಎರಡೂ ಬೆಳೆ ಕೊಟ್ಟಿದೆ. 1975ರಲ್ಲಿ ಒಂದು ಕಡೆ 'ಚೋಮನ ದುಡಿ', ಇನ್ನೊಂದು ಕಡೆ 'ಮಯೂರ'. 1977ರಲ್ಲಿ ಒಂದು ಕಡೆ 'ಘಟಶ್ರಾದ್ಧ', ಇನ್ನೊಂದು ಕಡೆ 'ಬಬ್ರುವಾಹನ'. ಚೋಮನಿಗೂ ಘಟಶ್ರಾದ್ಧಕ್ಕೂ ಸ್ವರ್ಣ ಕಮಲ. ಮಯೂರನಿಗೂ ಬಬ್ರುವಾಹನನಿಗೂ ಶಿಳ್ಳೆ. ಅದಕ್ಕೂ ಮೊದಲು, 1968ರಲ್ಲೇ, ದೊರೆ–ಭಗವಾನ್ ಅವರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಜೇಮ್ಸ್ ಬಾಂಡ್ ಥರ ಪಿಸ್ತೂಲು ಹಿಡಿದಾಗಿತ್ತು. ಎರಡೂ ದಾರಿ ಒಂದೇ ಕಡೆ ಸೇರಿದ್ದೂ ಉಂಟು. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಕತ್ತಿ ವರಸೆಯ ಸಿನಿಮಾ. ಅದರಲ್ಲಿ ನಟಿಸಿದ ಶಂಕರ್‌ನಾಗ್‌ಗೆ 1979ರ ಭಾರತ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ. ಮರುವರ್ಷ ಅದೇ ಶಂಕರ್‌ನಾಗ್ 'ಆಟೋ ರಾಜ'.

ಆಗ ಪ್ರಶಸ್ತಿ ಒಂದು ಸಾಲು, ಟಿಕೆಟ್ ಒಂದು ಸಾಲು. 2019ರಲ್ಲೂ ಹಾಗೇ ಇತ್ತು. 66ನೇ ರಾಷ್ಟ್ರಪ್ರಶಸ್ತಿಯಲ್ಲಿ 'ಕೆಜಿಎಫ್'ನ ಮೊದಲ ಭಾಗಕ್ಕೆ ಸಾಹಸ ಮತ್ತು ಸ್ಪೆಷಲ್ ಎಫೆಕ್ಟ್ಸ್ ಪ್ರಶಸ್ತಿ ಕೊಟ್ಟು, ಅತ್ಯುತ್ತಮ ಕನ್ನಡ ಚಿತ್ರ ಅಂತ 'ನಾತಿಚರಾಮಿ'ಯನ್ನ ಆರಿಸಿದ್ರು. ಐದು ವರ್ಷ ಕಳೆದ ಮೇಲೆ ಆ ಗೋಡೆ ಬಿತ್ತು. ಎರಡನೇ ಭಾಗವೇ ಅತ್ಯುತ್ತಮ ಕನ್ನಡ ಚಿತ್ರ ಆಯ್ತು. ಆ ಸಂಜೆ ಹೋಟೆಲಲ್ಲಿ ಹುಡುಗರು ಕಿತ್ತಾಡ್ತಿದ್ದದ್ದು ಇದಕ್ಕೇ.

ಮೂಲೆಯ ಬೆಂಚಿನಲ್ಲಿ ಕಂಬಳಿ ಹೊದ್ದು ಒಬ್ಬ ಅಜ್ಜ ಕೂತಿದ್ದರು. ಹುಡುಗರಿಗೆ ಸಂಬಂಧದಲ್ಲಿ ತಾತ ಆಗಬೇಕು. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ನಾಟಕ ಆಡೋದು ನಿಮಗೆ ಗೊತ್ತು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತೆ. ಉಳೋರು, ಅಂಗಡಿಯೋರು ರಾತ್ರಿ ಇಡೀ ಧರ್ಮರಾಯ, ದುರ್ಯೋಧನ ಆಗ್ತಾರೆ. ಈ ಅಜ್ಜ ಹರೆಯದಲ್ಲಿ ಭೀಮನ ಪಾರ್ಟು ಮಾಡಿದವರು.

ಪಿಕಪ್ ಹುಡುಗ ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ. ನಮ್ಮ ಸಕಲೇಶಪುರ–ಆಲೂರು ಭಾಗದಲ್ಲಿ ಓಡಾಡೋ ಕಾಡಾನೆ 'ಭೀಮ' ತೋಟದ ರಸ್ತೆಯಲ್ಲಿ ನಡೆದು ಬರ್ತಿದೆ. ಹಿಂದೆ ಕೆಜಿಎಫ್ ಮ್ಯೂಸಿಕ್. ಅಜ್ಜ ನೋಡಿ ನಕ್ಕರು. "ಆನೆ ಬಂದಾಗ ಮ್ಯೂಜಿಕ್ ಬರಲ್ಲ ಕಣಪ್ಪ. ಸೊಪ್ಪು ಮುರಿಯೋ ಸದ್ದು ಬರ್ತದೆ. ಎದೆ ಝಲ್ ಅಂತದೆ."

ನಾನು ಕೇಳಿದೆ. "ಅಜ್ಜಾ, ನಿಮ್ಮ ಕಾಲದಲ್ಲಿ ಯಾವ ಭೀಮ ಚೆನ್ನಾಗಿ ಮಾಡ್ದ, ಯಾವನು ಮಾಡ್ಲಿಲ್ಲ ಅಂತ ಹೆಂಗೆ ಹೇಳ್ತಿದ್ರಿ?"

"ಗದೆ ಮರದ್ದು ಸ್ವಾಮಿ. ಮೇಲೆ ಬಣ್ಣ. ಒಂದು ಕೈಲಿ ತಿರುಗಿಸಬಹುದು. ಆದ್ರೆ ಎತ್ತಿದಾಗ ನೋಡೋರಿಗೆ ಅದ್ರ ಭಾರ ಕಾಣಬೇಕು. ನಮ್ಮೂರಲ್ಲಿ ಒಬ್ಬ ಇದ್ದ, ಒಳ್ಳೆ ಆಳು, ಕಂಚಿನ ಕಂಠ. ಗದೆನ ಬೆತ್ತ ಆಡಿಸ್ದಂಗೆ ಆಡಿಸೋನು. ಜನ ಎದ್ದು ಬೀಡಿ ಸೇದಕ್ಕೆ ಹೋಗೋರು. ಭಾರ ಬರೋದು ತೋಳಿಂದ ಅಲ್ಲ. ಹಿಂದೆ ದ್ರೌಪದಿ ಸೀರೆ ಎಳೆದ ಸೀನಲ್ಲಿ ಸುಮ್ನೆ ತಲೆ ತಗ್ಗಿಸಿ ಕೂತಿರ್ತಾನಲ್ಲ, ಅಲ್ಲಿಂದ ಬರ್ಬೇಕು."

ಇಷ್ಟೇ ಮಾತು. ಹುಡುಗರಿಬ್ಬರೂ ಸುಮ್ಮನಾದ್ರು. ಹತ್ತು ವರ್ಷ ಸಿನಿಮಾ ಸುದ್ದಿ ಓದಿದ ನನಗೂ ಇಷ್ಟು ನೇರವಾದ ಅಳತೆಗೋಲು ಸಿಕ್ಕಿರಲಿಲ್ಲ. ಆ ಅಜ್ಜನಿಗೆ ಆಡಂಬರದ ಮೇಲೆ ಸಿಟ್ಟಿಲ್ಲ. ಕಿರೀಟ ಬೇಕು, ಗದೆ ಬೇಕು, ಬಣ್ಣದ ಸೀನರಿ ಬೇಕು. ಆದ್ರೆ ಅದರೊಳಗೇ ಒಳ್ಳೇದು ಕೆಟ್ಟದ್ದು ಬೇರೆ ಮಾಡೋದು ಗೊತ್ತು. 'ಬಬ್ರುವಾಹನ'ದಲ್ಲಿ ಅರ್ಜುನ ಮತ್ತು ಮಗ ಎದುರು ಬದುರು ನಿಲ್ಲೋ ದೃಶ್ಯ ನೆನಪು ಮಾಡ್ಕೊಳ್ಳಿ. ಎರಡೂ ಪಾತ್ರ ರಾಜ್‌ಕುಮಾರ್ ಅವರದ್ದೇ. ಅಲ್ಲಿ ಬಾಣಕ್ಕಿಂತ ಭಾರ ಇರೋದು ಮಗನನ್ನ ಒಪ್ಪದ ಅಪ್ಪನ ಮಾತಿಗೆ.

ಆಮೇಲೆ ನಾವು ನಾಲ್ಕೂ ಜನ ಅದೇ ಗೋಲಿನಿಂದ ಅಳೆಯೋಕೆ ಶುರು ಮಾಡಿದ್ವಿ. ಚಿಕ್ಕವನು 'ಡಾರ್ಕ್ ನೈಟ್' ಪರ ವಾದಿಸಿದ. ಅಲ್ಲಿ ಬ್ಯಾಟ್‌ಮ್ಯಾನ್ ಗೆದ್ದರೂ ಪ್ರೀತಿಸಿದವಳನ್ನ ಕಳ್ಕೊತಾನೆ, ಸೋಲಿಗೆ ಬೆಲೆ ಇದೆ ಅಂದ. ಸರಿ. ಜೋಕರ್ ಪಾತ್ರಕ್ಕೆ ಹೀತ್ ಲೆಡ್ಜರ್‌ಗೆ ಮರಣೋತ್ತರ ಆಸ್ಕರ್ ಬಂದದ್ದು ಸುಮ್ಮನೆ ಅಲ್ಲ. "ಆದ್ರೆ ನಿನ್ನ ಬೇರೆ ಸಿನಿಮಾಗಳಲ್ಲಿ ಸತ್ತೋನು ಮುಂದಿನ ಪಾರ್ಟಲ್ಲಿ ಎದ್ದು ಬರ್ತಾನಲ್ಲೋ" ಅಂದ ದೊಡ್ಡವನು. ಅದೂ ಸರಿ. ಊರಿಗೆ ಊರೇ ಕುಸಿದರೂ ಯಾರ ಮನೆಗೂ ಸೂತಕ ಇಲ್ಲ ಅಂದ್ರೆ ಆ ಗದೆ ಬರೀ ಮರ.

ಕೆಜಿಎಫ್? ನನ್ನ ಅಭಿಪ್ರಾಯ ಹೇಳ್ತೀನಿ, ನೀವು ಒಪ್ಪಬೇಕಿಲ್ಲ. ಮೊದಲ ಭಾಗದಲ್ಲಿ ಸಾಯೋ ತಾಯಿಗೆ ಕೊಟ್ಟ ಮಾತಿದೆ. ರಾಕಿ ಎತ್ತೋ ಸುತ್ತಿಗೆಗೆ ಆ ಮಾತಿನ ಭಾರ ಇದೆ. ಭುವನ್ ಗೌಡರ ಛಾಯಾಗ್ರಹಣ, ರವಿ ಬಸ್ರೂರರ ಸಂಗೀತ ಎರಡೂ ಆ ಕಪ್ಪು ಗಣಿಯನ್ನ ಕಣ್ಣಿಗೆ ಕಟ್ಟಿಸ್ತವೆ. ಎರಡನೇ ಭಾಗದಲ್ಲಿ ಪ್ರತಿ ದೃಶ್ಯವೂ ಕ್ಲೈಮ್ಯಾಕ್ಸ್. ಪೊಲೀಸ್ ಠಾಣೆ ಮುಂದೆ ಮೆಷಿನ್ ಗನ್ ಹಾರಿಸಿ, ಕಾದ ನಳಿಗೆಯಿಂದ ಸಿಗರೇಟ್ ಹಚ್ಚೋ ದೃಶ್ಯಕ್ಕೆ ನಾನೂ ಚಪ್ಪಾಳೆ ಹೊಡೆದೆ. ಮನೆಗೆ ಬಂದ ಮೇಲೆ ಏನೂ ಉಳೀಲಿಲ್ಲ.

ಇನ್ನೊಂದು ಮಾತು. ನಿಜವಾದ ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೀತು. ಶಿವನಸಮುದ್ರದಿಂದ 1902ರಲ್ಲಿ ಅಲ್ಲಿಗೆ ಕರೆಂಟ್ ಬಂತು. ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದು ದುಡಿದವರಲ್ಲಿ ಹೆಚ್ಚಿನವರು ತಮಿಳು ಮಾತಾಡೋ ದಲಿತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಿನಿಮಾದ ನರಾಚಿ ಕಟ್ಟುಕಥೆ, ಅದು ತಪ್ಪಲ್ಲ. ಆದ್ರೆ ಆ ಹೆಸರಿನ ಹಿಂದಿನ ಜನ ಅದರಲ್ಲಿ ಕಾಣಲ್ಲ. ಆ ಪ್ರಶಸ್ತಿ ಘೋಷಣೆಯ ಹಿಂದಿನ ದಿನವೇ ಬಿಡುಗಡೆಯಾದ ಪಾ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' ಅದೇ ಚಿನ್ನದ ಮಣ್ಣಿನಲ್ಲಿ ದುಡಿದವರ ಕಡೆಯಿಂದ ಕಥೆ ಹೇಳೋಕೆ ಹೊರಟಿತ್ತು. ಅದರಲ್ಲೂ ಮಾಯ ಮಂತ್ರ ಇದೆ. ಅಂದ್ರೆ ಅದ್ಭುತ ತೋರಿಸ್ತಾನೇ ಮನುಷ್ಯರನ್ನೂ ತೋರಿಸಬಹುದು.

ಪಿಕಪ್ ಹುಡುಗನಿಗೆ ಬೇಜಾರಾಯ್ತು. "ಸಾರ್, ನಮ್ಮ ಭಾಷೆ ಸಿನಿಮಾನ ಇಡೀ ದೇಶ ನೋಡ್ತು. ಅದಕ್ಕೆ ಬೆಲೆ ಇಲ್ವಾ?" ಬೆಲೆ ಇದೆ ಕಣಪ್ಪ, ಖಂಡಿತ ಇದೆ. ಎರಡನೇ ಭಾಗದ ಸಂಕಲನ ಮಾಡಿದ ಉಜ್ವಲ್ ಕುಲಕರ್ಣಿ ಆಗ ಇಪ್ಪತ್ತರ ಆಸುಪಾಸಿನ ಹುಡುಗ. ಕಲಬುರಗಿ ಕಡೆಯವರು, ಅಭಿಮಾನಿಯಾಗಿ ವಿಡಿಯೋ ಕತ್ತರಿಸ್ತಾ ಕಲಿತವರು. ಇಂಥದ್ದು ಹಿಂದೆ ಕನ್ನಡದಲ್ಲಿ ಊಹೆ ಮಾಡೋಕೂ ಆಗ್ತಿರಲಿಲ್ಲ. ಆದ್ರೆ ಹೆಮ್ಮೆ ಬೇರೆ, ತೀರ್ಪು ಬೇರೆ. ಮಗ ಊರಿಗೆ ಹೆಸರು ತಂದ ಅಂತ ಅವನ ಲೆಕ್ಕದ ತಪ್ಪು ಸರಿ ಆಗಲ್ಲ.

ಸ್ಕಾರ್ಸೆಸಿ ಆ ವರ್ಷ ನವೆಂಬರ್‌ನಲ್ಲಿ ಪತ್ರಿಕೆಗೆ ಬರೆದ ಲೇಖನದಲ್ಲಿ ಒಂದು ದೂರು ಹೇಳಿದ್ರು. ಅಭಿಮಾನಿಗಳು ಅದನ್ನ ಗಮನಿಸಿದ್ದು ಕಡಿಮೆ. ದೊಡ್ಡ ಚಿತ್ರಗಳೇ ಚಿತ್ರಮಂದಿರಗಳನ್ನ ತುಂಬಿಕೊಂಡ್ರೆ ಬೇರೆ ಥರದ ಸಿನಿಮಾಕ್ಕೆ ಜಾಗ ಎಲ್ಲಿ ಅನ್ನೋದು ಆ ದೂರು. ನಮ್ಮಲ್ಲೂ ಅದೇ ಪ್ರಶ್ನೆ. ಬೆಳಗಿನ ಜಾವದಿಂದ ಎಲ್ಲಾ ಪರದೆಯಲ್ಲೂ ಒಂದೇ ಸಿನಿಮಾ ಓಡಿದಾಗ ನಾವು ಅದನ್ನ 'ಹಬ್ಬ' ಅಂತ ತೋರಿಸಿದ್ವಿ. ಆ ವಾರ ಜಾಗ ಸಿಗದ ಸಿನಿಮಾದ ಹೆಸರನ್ನೂ ಹೇಳಲಿಲ್ಲ. 1977ರಲ್ಲಿ 'ಘಟಶ್ರಾದ್ಧ'ವೂ 'ಬಬ್ರುವಾಹನ'ವೂ ಒಂದೇ ಕಾಲದಲ್ಲಿ ಇದ್ದವು. ಎರಡೂ ಇದ್ದದ್ದಕ್ಕೇ ಇವತ್ತು ನಾವು ಎರಡರ ಬಗ್ಗೆಯೂ ಮಾತಾಡ್ತಿದ್ದೀವಿ.

ಬೆಂಗಳೂರಿಗೆ ವಾಪಸ್ ಬಂದು ಮೀಟಿಂಗಲ್ಲಿ ಹೇಳಿದೆ, ಸಿನಿಮಾ ಸುದ್ದಿಯಲ್ಲಿ ಕಲೆಕ್ಷನ್ ಪಟ್ಟಿ ನಿಲ್ಲಿಸೋಣ ಅಂತ. ನಕ್ಕರು. ಪಟ್ಟಿ ಇನ್ನೂ ಓಡ್ತಾ ಇದೆ, ನೀವೂ ನೋಡ್ತಿದ್ದೀರಿ. ನಾನೊಬ್ಬ ಓದೋದು ಬಿಟ್ಟಿದ್ದೀನಿ, ಅಷ್ಟೇ.

ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ದೊಡ್ಡ ಸಿನಿಮಾ ನೋಡಿ ಬಂದ ರಾತ್ರಿ ಮನೆಯಲ್ಲಿ ಮಕ್ಕಳು ಎಷ್ಟು ಕೋಟಿ ಆಯ್ತು ಅಂತ ಮೊಬೈಲ್ ತೆಗೆದ್ರೆ, ಅದನ್ನ ಕೆಳಗಿಡೋಕೆ ಹೇಳಿ. ಯಾವ ದೃಶ್ಯ ನೆನಪಿದೆ, ಯಾಕೆ ನೆನಪಿದೆ ಅಂತ ಕೇಳಿ. ಜಗಳ ಆಗುತ್ತೆ. ಆಗಲಿ ಬಿಡಿ. ಆಲೂರಿನ ಆ ಹುಡುಗರು ನಾನು ಎದ್ದು ಬಂದಾಗಲೂ ಜಗಳ ಆಡ್ತಾನೇ ಇದ್ದರು. ಆದ್ರೆ ಆ ಹೊತ್ತಿಗೆ ಕೋಟಿ ಲೆಕ್ಕ ಬಿಟ್ಟಿದ್ದರು. ಸಿನಿಮಾ ಬಗ್ಗೆ ಮಾತಾಡ್ತಿದ್ದರು.