ರೌಟರಿನ ಬೀಗ: ಒಂದು ಸಣ್ಣ ಇತಿಹಾಸ

ನಮ್ಮ ತಂದೆಯವರ ಟ್ರಂಕಿನಲ್ಲಿ ಒಂದು ಪುಟ್ಟ ಪುಸ್ತಕ ಈಗಲೂ ಇದೆ. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಿಂದ ಪಡೆದ ಲೈಸೆನ್ಸು ಅದು. ವರ್ಷ ವರ್ಷವೂ ಶುಲ್ಕ ಕಟ್ಟಿ ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿ ನಮ್ಮ ಈ ಮುಂಬಯಿಯಿಂದಲೇ ಪ್ರಸಾರ ಆರಂಭಿಸಿತೆಂಬುದನ್ನು ಹಿರಿಯ ವಾಚಕರು ಬಲ್ಲರು. ಆರು ವರ್ಷಗಳಲ್ಲಿ, 1933ರಲ್ಲಿ, ವೈರ್‌ಲೆಸ್ ಟೆಲಿಗ್ರಾಫಿ ಕಾಯಿದೆ ಬಂದು, ಅಪ್ಪಣೆಯಿಲ್ಲದೆ ಬಾನುಲಿ ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧವೆನಿಸಿತು. ಕೇಳುವುದಕ್ಕೆ ಲೈಸೆನ್ಸು ಬೇಕೆಂಬ ಪದ್ಧತಿ 1980ರ ದಶಕದವರೆಗೂ ನಡೆದುಬಂತು.

ಈಗ ಅದೇ ಟ್ರಂಕಿನ ಮೇಲೆ ಎರಡು ಕೊಂಬುಗಳ ಪೆಟ್ಟಿಗೆಯೊಂದು ಕುಳಿತಿದೆ. ಇದು ಕೇಳುವುದಷ್ಟೇ ಅಲ್ಲ, ಹಗಲಿರುಳೂ ಪ್ರಸಾರ ಮಾಡುತ್ತದೆ. ಆದರೂ ಲೈಸೆನ್ಸು ಕೇಳುವವರಿಲ್ಲ. 2005ರ ಜನವರಿ 28ರ ಅಧಿಸೂಚನೆಯಿಂದ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಯಂತ್ರಗಳಿಗೆ ಸರಕಾರ ಮುಕ್ತಗೊಳಿಸಿತು. ಮಿತಿಗಳೇನೋ ಉಂಟು: ಪ್ರೇಷಕದ ಶಕ್ತಿ 1 ವ್ಯಾಟ್, ಆಂಟೆನಾದಿಂದ ಹೊರಸೂಸುವುದು 4 ವ್ಯಾಟ್ ಮೀರಬಾರದು. ಅಷ್ಟರೊಳಗಿದ್ದರೆ ಆಯಿತು.

ಸರಕಾರ ಹೀಗೆ ಕೈಬಿಟ್ಟ ಪೆಟ್ಟಿಗೆ ಕೊಂಡವನ ಸ್ವತ್ತಾಯಿತೇ ಎಂದರೆ ಅದೂ ಇಲ್ಲ. ರೌಟರೆಂಬುದು ಒಂದು ಚಿಕ್ಕ ಕಂಪ್ಯೂಟರು. ಅದು ಏನು ಮಾಡಬೇಕು, ಏನು ಮಾಡಬಾರದು ಎಂಬ ಆಜ್ಞೆಗಳೆಲ್ಲ ಒಳಗಿನ ಚಿಪ್ಪಿನಲ್ಲಿ ಬರೆದಿರುತ್ತವೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ತಯಾರಕ ಬರೆದದ್ದೇ ಬರಹ. ಆತ ಎರಡು ವರ್ಷಗಳ ನಂತರ ಮುಖ ತಿರುಗಿಸಿದರೆ, ತಂತಿ, ವಿದ್ಯುತ್ತು, ದೀಪ ಎಲ್ಲ ಸರಿಯಿದ್ದೂ ಪೆಟ್ಟಿಗೆ ಮುದಿಯಾಗುತ್ತದೆ.

ಈ ಬರಹವನ್ನು ಅಳಿಸಿ ಬೇರೆ ಬರೆಯಬಹುದೆಂಬುದು ಜಗತ್ತಿಗೆ ತಿಳಿದ ಬಗೆ ಸ್ವಾರಸ್ಯಕರವಾಗಿದೆ. ಲಿಂಕ್‌ಸಿಸ್ ಎಂಬ ಅಮೆರಿಕದ ಕಂಪೆನಿ 2002ರ ಕೊನೆಯಲ್ಲಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೌಟರನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಸಿಸ್ಕೋ ಕಂಪೆನಿ ಲಿಂಕ್‌ಸಿಸ್ಸನ್ನೇ ಕೊಂಡುಕೊಂಡಿತು. ಅದೇ ಜೂನ್ ತಿಂಗಳಲ್ಲಿ ಆಂಡ್ರ್ಯೂ ಮಿಕ್ಲಾಸ್ ಎಂಬವರು, ಆ ಪೆಟ್ಟಿಗೆಯೊಳಗೆ ಲಿನಕ್ಸ್ ತಂತ್ರಾಂಶವಿದೆ, ಆದರೆ ಅದರ ಮೂಲಬರಹವನ್ನು ಮಾತ್ರ ಕೊಟ್ಟಿಲ್ಲ ಎಂದು ಬಹಿರಂಗವಾಗಿ ತಿಳಿಸಿದರು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ಮಾರಬಹುದು. ಆದರೆ ಪಡೆದವರಿಗೆ ಮೂಲಬರಹವನ್ನೂ ಒದಗಿಸಬೇಕೆಂಬುದು ಜಿಪಿಎಲ್ ಎಂಬ ಅದರ ಪರವಾನಗಿಯ ಷರತ್ತು. ಚಿಪ್ಪು ಬ್ರಾಡ್‌ಕಾಮ್‌ನದು, ಪೆಟ್ಟಿಗೆ ಮಾಡಿದ್ದು ತೈವಾನಿನವರು, ಹೆಸರು ಲಿಂಕ್‌ಸಿಸ್, ಯಜಮಾನ ಸಿಸ್ಕೋ. ಕಡತ ಇಷ್ಟು ಮೇಜುಗಳನ್ನು ದಾಟಿ ಬರುವಾಗ ಷರತ್ತಿನ ಹಾಳೆಯನ್ನು ಯಾರೂ ಓದಿರಲಿಲ್ಲ! ಕಡತಗಳ ನಡುವೆ ತಲೆ ನರೆಯಿಸಿಕೊಳ್ಳುತ್ತಿರುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಆದರೆ ಓದದ ಒಂದು ಷರತ್ತು ಈ ಸಲ ಗಿರಾಕಿಯ ಪಕ್ಷ ವಹಿಸಿತಲ್ಲ, ಅದು ಅಪರೂಪ.

2003ರ ಜುಲೈನಲ್ಲಿ ಮೂಲಬರಹ ಹೊರಬಂತು. ಅದನ್ನು ಆಧರಿಸಿ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಹೆಸರಿನಲ್ಲಿಯೇ ಆ ನೀಲಿ ಪೆಟ್ಟಿಗೆಯ ಗುರುತಿದೆ. ಬೆನ್ನಿಗೇ ಡಿಡಿ-ಡಬ್ಲ್ಯುಆರ್‌ಟಿ ಬಂತು. ಓಪನ್‌ಡಬ್ಲ್ಯುಆರ್‌ಟಿಯ ಆವೃತ್ತಿಗಳಿಗೆ ಬಹುಕಾಲ ಮದ್ಯಮಿಶ್ರಣಗಳ ಹೆಸರನ್ನಿಟ್ಟು, ಒಳಹೊಕ್ಕೊಡನೆ ಅದನ್ನು ಬೆರೆಸುವ ವಿಧಾನವೂ ಪರದೆಯ ಮೇಲೆ ಕಾಣುವಂತೆ ಮಾಡಿದ್ದರು. ಇದನ್ನು ನಮ್ಮ ಮನೆಯವರಿಗೆ ತೋರಿಸದಿರುವುದೇ ಕ್ಷೇಮವೆಂದು ನಮಗನಿಸಿತು. 2005ರಲ್ಲಿ ಕಂಪೆನಿ ಖರ್ಚು ಇಳಿಸಲು ಪೆಟ್ಟಿಗೆಯ ಸ್ಮೃತಿಯನ್ನು ಅರ್ಧಕ್ಕೆ ಕತ್ತರಿಸಿ, ಲಿನಕ್ಸನ್ನೂ ತೆಗೆದುಹಾಕಿತು. ಆದರೆ ಬೇಡಿಕೆ ಎಷ್ಟಿತ್ತೆಂದರೆ, ಹಳೆಯ ಮಾದರಿಯನ್ನೇ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಹೆಸರಿನಲ್ಲಿ ಬೇರೆಯಾಗಿ ಮಾರಬೇಕಾಯಿತು.

ಇದೆಲ್ಲ ಹವ್ಯಾಸಿಗಳ ಆಟವಾಯಿತು, ಮುಂಬಯಿಯ ಸಂಸಾರಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. 2008ನ್ನು ನೆನೆಯಬೇಕು. ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಕೆಲವೇ ನಿಮಿಷಗಳ ಮುಂಚೆ ಬಂದ ಬೆದರಿಕೆಯ ಇ-ಮೇಲಿನ ಜಾಡು ಹಿಡಿದ ಪೊಲೀಸರು ನವಿ ಮುಂಬಯಿಯ ಸಾನ್ಪಾಡಾದ ಒಂದು ಮನೆಗೆ ಬಂದರು. ಅಲ್ಲಿದ್ದ ವಿದೇಶೀಯನ ವೈ-ಫೈಗೆ ಬೀಗವಿರಲಿಲ್ಲ. ಯಾರೋ ಹೊರಗಿನವರು ಅದನ್ನು ಬಳಸಿದ್ದರು. ಆಗಸ್ಟ್ 23ರ ಇನ್ನೊಂದು ಇ-ಮೇಲು ನಮ್ಮ ಮಾಟುಂಗದ ಕಾಲೇಜೊಂದರ ವೈ-ಫೈಯಿಂದ, ಸೆಪ್ಟೆಂಬರ್ 13ರ ದೆಹಲಿ ಸ್ಫೋಟದ ಹೊತ್ತಿನದು ಚೆಂಬೂರಿನ ಕಚೇರಿಯೊಂದರ ವೈ-ಫೈಯಿಂದ ಹೋದವು. 2009ರ ಆರಂಭದಲ್ಲಿ ಮುಂಬಯಿ ಪೊಲೀಸರು ಬೀಗವಿಲ್ಲದ ವೈ-ಫೈ ಹುಡುಕುತ್ತ ಬೀದಿ ಸುತ್ತುವುದಾಗಿ ಸಾರಿದರು.

ಬೀಗ ಹಾಕಬೇಕು, ಸರಿ. ಯಾವ ಬೀಗ? ಡಬ್ಲ್ಯುಇಪಿ ಎಂಬ ಹಳೆಯ ಬೀಗ ಲೊಡಕೆಂಬುದನ್ನು 2001ರಲ್ಲಿಯೇ ವಿದ್ವಾಂಸರು ಸಿದ್ಧಪಡಿಸಿದ್ದರು. ಗಟ್ಟಿಯಾದ ಡಬ್ಲ್ಯುಪಿಎ-2 ಬಂದದ್ದು 2004ರಲ್ಲಿ. ಅದಕ್ಕೂ ಮುಂಚಿನ ಪೆಟ್ಟಿಗೆ ಇದ್ದವರು ತಯಾರಕನ ದಯೆಗಾಗಿ ಕಾಯಬೇಕು, ಇಲ್ಲವೆ ಹೊಸದನ್ನು ಕೊಳ್ಳಬೇಕು. ಇಲ್ಲವೆ, ಯಂತ್ರ ಒಗ್ಗಿದರೆ, ಮೂರನೆಯವರ ಫರ್ಮ್‌ವೇರ್ ಹಾಕಬೇಕು. 2017ರ ಅಕ್ಟೋಬರಿನಲ್ಲಿ ಆ ಎರಡನೆಯ ಬೀಗದಲ್ಲಿಯೂ ಬಿರುಕು ಕಂಡಿತು. ಸಂಬಳವಿಲ್ಲದೆ ದುಡಿಯುವ ಈ ಗುಂಪಿನವರು ಎರಡು ಮೂರು ದಿನಗಳಲ್ಲೇ ತೇಪೆ ಹಾಕಿ ಹಂಚಿದರು.

ಆಗ ನಮ್ಮ ರೌಟರಿನ ತಯಾರಕರಿಗೆ ಬರೆದು ಕೇಳಿದೆವು. ಹೊಸ ಮಾದರಿ ಕೊಳ್ಳಿರಿ ಎಂಬ ಉತ್ತರ ಬಂತು. ಬಿ.ಎಸ್ಸಿ. ಮಾಡಿದ ಹಳೆಯ ಹುರುಪು ಎಲ್ಲಿತ್ತೋ, ಒಂದು ಭಾನುವಾರ ಅಂಟಾಪ್ ಹಿಲ್ಲಿನ ಸರಕಾರಿ ವಸತಿಗೃಹದ ನಮ್ಮ ಬಿಡಾರದಲ್ಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆವು. ಮಾದರಿಯ ಸಂಖ್ಯೆಯಷ್ಟೇ ಅಲ್ಲ, ಆವೃತ್ತಿಯ ಸಂಖ್ಯೆಯೂ ತಾಳೆಯಾಗಬೇಕೆಂಬುದನ್ನು ನಾವು ಲಕ್ಷಿಸಲಿಲ್ಲ. ಬರೆಯುವುದು ಮುಗಿಯಿತು, ದೀಪಗಳು ಆರಿದವು. ಮಗಳ ಪರೀಕ್ಷೆಯ ಅರ್ಜಿಗೆ ಮರುದಿನವೇ ಕೊನೆಯ ದಿನ. ಮನೆಯಲ್ಲಿ ಆದ ಮಾತುಗಳು ಇಲ್ಲಿ ಬೇಡ. ಮರುದಿನ ಸಂಜೆ ಕಚೇರಿಯಿಂದ ನೇರವಾಗಿ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಸೀರಿಯಲ್ ಕೇಬಲ್ಲೊಂದನ್ನು ತಂದೆವು. ಪೆಟ್ಟಿಗೆ ಏಳುವಾಗ ಕೆಲವು ಸೆಕೆಂಡು ಹೊಸ ಬರಹಕ್ಕಾಗಿ ಕಾಯುತ್ತದೆ. ಆ ಕ್ಷಣ ಹಿಡಿದು ಸರಿಯಾದ ಕಡತ ದಾಟಿಸಬೇಕು. ಏಳೆಂಟು ಸಲ ತಪ್ಪಿ, ರಾತ್ರಿ ಹನ್ನೊಂದೂವರೆಗೆ ದೀಪ ಹತ್ತಿತು. ಅರ್ಜಿ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಹೋಯಿತು.

ಈ ಸ್ವಾತಂತ್ರ್ಯಕ್ಕೆ ಇನ್ನೊಂದು ಮುಖವೂ ಇದೆ. ಬರಹ ಬದಲಿಸಬಲ್ಲವನು ಪ್ರಸಾರದ ಶಕ್ತಿಯನ್ನೂ ಏರಿಸಬಲ್ಲ. ಅಮೆರಿಕದ ನಿಯಂತ್ರಕ ಮಂಡಲಿ ಇದಕ್ಕೆ ಅಂಜಿ ನಿಯಮ ಬಿಗಿಗೊಳಿಸಿದಾಗ ಕೆಲವು ತಯಾರಕರು ಬೇರೆ ಫರ್ಮ್‌ವೇರನ್ನೇ ತಡೆದರು. ಕೊನೆಗೆ 2016ರಲ್ಲಿ ಅದೇ ಮಂಡಲಿ ಟಿಪಿ-ಲಿಂಕ್ ಕಂಪೆನಿಗೆ ಎರಡು ಲಕ್ಷ ಡಾಲರು ದಂಡ ಹಾಕಿ, ಮೂರನೆಯವರ ಫರ್ಮ್‌ವೇರಿಗೆ ಎಡೆಮಾಡುವ ದಾರಿ ಹುಡುಕುವಂತೆ ಒಪ್ಪಿಸಿತು.

ನಮ್ಮ ಪೆಟ್ಟಿಗೆಯೂ ಎದ್ದ ಕೂಡಲೆ ದೇಶ ಯಾವುದೆಂದು ಕೇಳಿತು. ಪಟ್ಟಿಯಲ್ಲಿ ಹೆಚ್ಚು ಶಕ್ತಿ ಸಿಗುವ ದೇಶವನ್ನು ಆರಿಸಿದರೆ ಅಡುಗೆಮನೆಗೂ ಸಿಗ್ನಲ್ ಮುಟ್ಟೀತೆಂದು ಮಗಳು ಸಲಹೆ ಕೊಟ್ಟಳು. ಟ್ರಂಕಿನೊಳಗಿನ ಪುಸ್ತಕ ನೆನಪಾಯಿತು. ಭಾರತ ಎಂದೇ ಒತ್ತಿದೆವು. ಅಡುಗೆಮನೆಗೆ ಸಿಗ್ನಲ್ ಇಂದಿಗೂ ಮುಟ್ಟುವುದಿಲ್ಲ.