ಕಾಲೇಜ್ ಫುಟ್‌ಬಾಲ್ ರಿಕ್ರೂಟ್ ಶ್ರೇಯಾಂಕ

ಅಮೆರಿಕದ ಹೈಸ್ಕೂಲುಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಹುಡುಗರು ವಿಶ್ವವಿದ್ಯಾಲಯದ ತಂಡ ಸೇರುವ ಮುನ್ನವೇ ಅವರ ಆಟವನ್ನು ಅಳೆದು, ಐದು ಸ್ಟಾರ್‌ವರೆಗೆ ದರ್ಜೆ ಕೊಟ್ಟು, ದೇಶಮಟ್ಟದ ಪಟ್ಟಿಯಲ್ಲಿ ಕ್ರಮಾಂಕ ಹಾಕುವ ಪದ್ಧತಿಯೇ ರಿಕ್ರೂಟ್ ಶ್ರೇಯಾಂಕ. ಒಂದು ವಿಶ್ವವಿದ್ಯಾಲಯ ಒಂದು ವರ್ಷದಲ್ಲಿ ಸೇರಿಸಿಕೊಂಡ ಹುಡುಗರ ದರ್ಜೆಗಳನ್ನು ಒಟ್ಟುಗೂಡಿಸಿದರೆ ಆ ಬ್ಯಾಚಿನ ಶ್ರೇಯಾಂಕ ಸಿಗುತ್ತದೆ. ಈ ಅಂಕಿಗಳು ಮುಂದಿನ ಯಶಸ್ಸನ್ನು ಎಷ್ಟರಮಟ್ಟಿಗೆ ಮೊದಲೇ ಹೇಳಬಲ್ಲವು ಎಂಬ ವಾದ ಬಹುಕಾಲದಿಂದ ನಡೆದಿದೆ. ಇಡೀ ತಂಡದ ಲೆಕ್ಕಕ್ಕೆ ಬಂದರೆ ಶ್ರೇಯಾಂಕವನ್ನು ಬಹುಮಟ್ಟಿಗೆ ನಂಬಬಹುದು. ಒಬ್ಬ ಹುಡುಗನ ಲೆಕ್ಕಕ್ಕೆ ಬಂದರೆ ಅದು ಹೇಳುವುದು ಸಂಭವವನ್ನು ಮಾತ್ರ. ಈ ಎರಡನ್ನು ಒಂದೇ ಪ್ರಶ್ನೆಯೆಂದು ಭಾವಿಸಿದ್ದರಿಂದಲೇ ವಾದ ಇಷ್ಟು ವರ್ಷ ಬೆಳೆಯಿತು.

ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್, ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆಯದವರನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಹೆಚ್ಚುಕಡಿಮೆ ಎಲ್ಲ ಆಟಗಾರರೂ ಕಾಲೇಜ್ ಫುಟ್‌ಬಾಲ್ ಹಾದಿಯಲ್ಲೇ ಬರಬೇಕು. ಹೈಸ್ಕೂಲುಗಳಲ್ಲಿ ಸುಮಾರು 10 ಲಕ್ಷ ಹುಡುಗರು ಈ ಆಟ ಆಡುತ್ತಾರೆ. ಕಾಲೇಜಿನ ಅತ್ಯುನ್ನತ ವಿಭಾಗವಾದ ಎಫ್‌ಬಿಎಸ್‌ನಲ್ಲಿರುವುದು 130ಕ್ಕೂ ಸ್ವಲ್ಪ ಹೆಚ್ಚು ತಂಡಗಳು. ಬಹುಕಾಲ ಒಂದು ತಂಡಕ್ಕೆ 85 ಸ್ಕಾಲರ್‌ಶಿಪ್‌ಗಳ ಮಿತಿಯಿತ್ತು, ವರ್ಷಕ್ಕೆ ಹೊಸದಾಗಿ ಸೇರಿಸಿಕೊಳ್ಳುವವರ ಸಂಖ್ಯೆ 25ನ್ನು ದಾಟುವಂತಿರಲಿಲ್ಲ. ಹುಡುಗರು ಒಪ್ಪಂದಕ್ಕೆ ಸಹಿ ಹಾಕುವ ಸಾಂಪ್ರದಾಯಿಕ ದಿನ ಫೆಬ್ರವರಿಯ ಮೊದಲ ಬುಧವಾರ; 2017ರಿಂದ ಡಿಸೆಂಬರಿನಲ್ಲೂ ಒಂದು ಅವಧಿ ಬಂದ ಮೇಲೆ ಬಹುತೇಕರು ಆಗಲೇ ಸಹಿ ಹಾಕುತ್ತಾರೆ. ಕೋಚ್‌ಗಳು ಆಯ್ಕೆ ಮಾಡುವಾಗ ಈ ಹುಡುಗರಿಗೆ ಹದಿನಾರೋ ಹದಿನೇಳೋ ವಯಸ್ಸು. ಆ ವಯಸ್ಸಿನ ದೇಹ ಇನ್ನೂ ಬೆಳೆಯುತ್ತಿರುತ್ತದೆ ಎಂಬುದು ಇಲ್ಲಿಯ ಎಲ್ಲ ಅನಿಶ್ಚಿತತೆಯ ಮೂಲ.

ಹೈಸ್ಕೂಲ್ ಆಟಗಾರರಿಗೆ ದರ್ಜೆ ಕೊಡುವುದನ್ನು ಒಂದು ಕಸುಬಾಗಿ ಬೆಳೆಸಿದವರಲ್ಲಿ ಟಾಮ್ ಲೆಮಿಂಗ್ ಮುಖ್ಯರು. 1970ರ ದಶಕದ ಕೊನೆಯಿಂದ ಅವರು ಊರೂರು ಸುತ್ತಿ, ಹುಡುಗರನ್ನು ಮುಖತಃ ಕಂಡು ಪತ್ರಿಕೆ ಹೊರಡಿಸುತ್ತಿದ್ದರು. ಅಂತರ್ಜಾಲ ಬಂದ ಮೇಲೆ ರೈವಲ್ಸ್, ಸ್ಕೌಟ್, ಇಎಸ್‌ಪಿಎನ್ ಸಂಸ್ಥೆಗಳು ಈ ಕೆಲಸವನ್ನು ದೊಡ್ಡ ಉದ್ಯಮ ಮಾಡಿದವು. 2010ರಲ್ಲಿ 247ಸ್ಪೋರ್ಟ್ಸ್, 2021ರಲ್ಲಿ ಆನ್3 ಹುಟ್ಟಿಕೊಂಡವು. ಬೇರೆ ಬೇರೆ ಸಂಸ್ಥೆಗಳ ಅಂಕಗಳನ್ನು ಕೂಡಿಸಿ ಸರಾಸರಿ ಕಟ್ಟುವ 247ಸ್ಪೋರ್ಟ್ಸ್‌ನ ಕಾಂಪೊಸಿಟ್ ಪಟ್ಟಿ ಇಂದು ಚರ್ಚೆಗಳಲ್ಲೂ ಸಂಶೋಧನೆಗಳಲ್ಲೂ ಹೆಚ್ಚು ಬಳಕೆಯಲ್ಲಿದೆ. ಒಬ್ಬ ಪರಿಶೀಲಕನ ಕಣ್ತಪ್ಪನ್ನು ಇನ್ನೊಬ್ಬನ ನೋಟ ಸರಿದೂಗಿಸುವುದರಿಂದ ಇಂಥ ಕೂಡುಪಟ್ಟಿ ಬಿಡಿ ಪಟ್ಟಿಗಳಿಗಿಂತ ಸಾಮಾನ್ಯವಾಗಿ ಹೆಚ್ಚು ಸ್ಥಿರ.

ಐದು ಸ್ಟಾರ್ ಸಿಗುವುದು ವರ್ಷಕ್ಕೆ ಮೂವತ್ತು ಚಿಲ್ಲರೆ ಹುಡುಗರಿಗೆ. ಎನ್‌ಎಫ್‌ಎಲ್ ಡ್ರಾಫ್ಟಿನ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಯ, ಮೊದಲ ಸುತ್ತಿನಲ್ಲಿ 32 ಆಯ್ಕೆಗಳಿರುತ್ತವೆ. 247ಸ್ಪೋರ್ಟ್ಸ್ ತನ್ನ ಐದು ಸ್ಟಾರ್‌ಗಳ ಸಂಖ್ಯೆಯನ್ನು ಅದಕ್ಕೇ ಹೊಂದಿಸಿಕೊಂಡಿದೆ. ಅಂದರೆ ಐದು ಸ್ಟಾರ್ ಎಂಬುದು ಹೈಸ್ಕೂಲಿನ ಸಾಧನೆಗೆ ಕೊಟ್ಟ ಬಹುಮಾನವಲ್ಲ, ಈ ಹುಡುಗ ಮೂರು-ನಾಲ್ಕು ವರ್ಷಗಳ ನಂತರ ಮೊದಲ ಸುತ್ತಿನಲ್ಲಿ ಆಯ್ಕೆಯಾಗುವ ಮಟ್ಟಕ್ಕೆ ಬೆಳೆಯುತ್ತಾನೆ ಎಂಬ ಅಂದಾಜು. ನಾಲ್ಕು ಸ್ಟಾರ್‌ನವರು ಕೆಲವು ನೂರು ಮಂದಿ. ಮೂರು ಸ್ಟಾರ್‌ನವರು ಸಾವಿರದ ಮೇಲೆ. ಕಾಲೇಜ್ ತಂಡಗಳ ಬಹುಪಾಲು ತುಂಬುವವರು ಇವರೇ. ಎರಡು ಸ್ಟಾರ್‌ನವರೂ ದರ್ಜೆಯೇ ಸಿಗದವರೂ ಇವರ ಕೆಳಗೆ ಬರುತ್ತಾರೆ. ಐದು ಮತ್ತು ನಾಲ್ಕು ಸ್ಟಾರ್ ಪಡೆದವರನ್ನು ಒಟ್ಟಾಗಿ ಬ್ಲೂ ಚಿಪ್ ಆಟಗಾರರೆನ್ನುತ್ತಾರೆ.

ದರ್ಜೆ ಕೊಡುವವರು ಪಂದ್ಯದ ವೀಡಿಯೊ ನೋಡುತ್ತಾರೆ, ಬೇಸಿಗೆ ಶಿಬಿರಗಳಿಗೆ ಹೋಗುತ್ತಾರೆ, 40 ಗಜದ ಓಟದ ಸಮಯ, ಎತ್ತರ, ತೂಕ, ತೋಳಿನ ಉದ್ದ ಬರೆದಿಟ್ಟುಕೊಳ್ಳುತ್ತಾರೆ. ಚೆಂಡೆಸೆದು ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳಿಗೆ ಎಲೀಟ್ 11 ಎಂಬ ಪ್ರತ್ಯೇಕ ಶಿಬಿರವೇ ಇದೆ. ಇವೆಲ್ಲದರ ಜೊತೆಗೆ ಅವರು ಗಮನಿಸುವ ಇನ್ನೊಂದು ಸಂಗತಿ, ಆ ಹುಡುಗನಿಗೆ ಯಾವ ಯಾವ ವಿಶ್ವವಿದ್ಯಾಲಯಗಳು ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದಿವೆ ಎಂಬುದು. ಅಲಬಾಮಾ ಅಥವಾ ಜಾರ್ಜಿಯಾದಂಥ ತಂಡ ಒಬ್ಬ ಅಪರಿಚಿತ ಹುಡುಗನ ಹಿಂದೆ ಬಿದ್ದರೆ ಪರಿಶೀಲಕರು ಅವನ ವೀಡಿಯೊವನ್ನು ಮತ್ತೊಮ್ಮೆ ನೋಡುತ್ತಾರೆ, ಹಲವು ಬಾರಿ ದರ್ಜೆ ಏರುತ್ತದೆ. ಹೀಗೆ ಶ್ರೇಯಾಂಕದೊಳಗೆ ಕೋಚ್‌ಗಳ ತೀರ್ಪೂ ಸೇರಿಹೋಗಿರುತ್ತದೆ. ಇದನ್ನು ಕೆಲವರು ದೋಷವೆಂದು ಎಣಿಸುತ್ತಾರೆ. ಮುನ್ಸೂಚನೆಯ ದೃಷ್ಟಿಯಿಂದ ನೋಡಿದರೆ ಇದರಿಂದ ಲಾಭವೇ ಹೆಚ್ಚು, ಏಕೆಂದರೆ ಆಟ ಬಲ್ಲ ಹಲವರ ಅಭಿಪ್ರಾಯ ಒಂದೇ ಅಂಕಿಯಲ್ಲಿ ಸಿಗುತ್ತದೆ. ಆದರೆ ಕೋಚ್‌ಗಳಿಗಿಂತ ಶ್ರೇಯಾಂಕವೇ ಮೊದಲು ಪ್ರತಿಭೆ ಗುರುತಿಸಿತು ಎಂದು ಹೇಳಿಕೊಳ್ಳುವ ಹಕ್ಕು ಮಾತ್ರ ಉಳಿಯುವುದಿಲ್ಲ.

ಒಬ್ಬೊಬ್ಬ ಆಟಗಾರನ ಮಟ್ಟದಲ್ಲಿ ಡ್ರಾಫ್ಟ್ ಒಂದು ಅನುಕೂಲದ ಅಳತೆಗೋಲು. ಐದು ಸ್ಟಾರ್ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮುಂದೆ ಡ್ರಾಫ್ಟಿನಲ್ಲಿ ಆಯ್ಕೆಯಾಗುತ್ತಾರೆ. ನಾಲ್ಕು ಸ್ಟಾರ್‌ನವರಲ್ಲಿ ಹೆಚ್ಚುಕಡಿಮೆ ಐದರಲ್ಲೊಬ್ಬ. ಮೂರು ಸ್ಟಾರ್‌ನವರಲ್ಲಿ ಇಪ್ಪತ್ತರಲ್ಲೊಬ್ಬನ ಆಸುಪಾಸು. ಮೆಟ್ಟಿಲು ಸ್ಪಷ್ಟವಾಗಿದೆ. ಆದರೂ ಪ್ರತಿ ವರ್ಷ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ ಸೂಪರ್ ಬೌಲ್ ಹತ್ತಿರವಾದಾಗ, ಕಣಕ್ಕಿಳಿಯುವವರಲ್ಲಿ ಐದು ಸ್ಟಾರ್‌ನವರು ಬೆರಳೆಣಿಕೆಯಷ್ಟು, ಮೂರು ಮತ್ತು ಎರಡು ಸ್ಟಾರ್‌ನವರೇ ಹೆಚ್ಚು, ಆದ್ದರಿಂದ ಶ್ರೇಯಾಂಕ ಸುಳ್ಳು ಎಂಬ ಮಾತು ಕೇಳಿಬರುತ್ತದೆ. ಇದು ಲೆಕ್ಕದ ತಪ್ಪು. ಐದು ಸ್ಟಾರ್ ಹುಡುಗರು 30 ಮಂದಿಯಿದ್ದು ಅರ್ಧದಷ್ಟು ಆಯ್ಕೆಯಾದರೆ 15 ಆಗುತ್ತದೆ. ಮೂರು ಸ್ಟಾರ್‌ನವರು 1,500 ಮಂದಿಯಿದ್ದು ಇಪ್ಪತ್ತರಲ್ಲೊಬ್ಬ ಮಾತ್ರ ಆಯ್ಕೆಯಾದರೂ 75 ಆಗುತ್ತದೆ. ಒಟ್ಟು ಎಣಿಕೆಯಲ್ಲಿ ಮೂರು ಸ್ಟಾರ್‌ನವರು ಐದು ಪಟ್ಟು ಹೆಚ್ಚು ಕಂಡರೂ, ಒಬ್ಬ ಹುಡುಗನಿಗಿರುವ ಅವಕಾಶ ಐದು ಸ್ಟಾರ್‌ನವನಿಗೇ ಹತ್ತು ಪಟ್ಟು ಹೆಚ್ಚು. ಗುಂಪಿನ ಗಾತ್ರವನ್ನು ಮರೆತು ಗೆದ್ದವರನ್ನಷ್ಟೇ ಎಣಿಸಿದರೆ ಯಾವ ಶ್ರೇಯಾಂಕವೂ ಸುಳ್ಳೆಂದೇ ಕಾಣುತ್ತದೆ.

ಹಾಗೆಂದು ತಪ್ಪಿಹೋದವರ ಪಟ್ಟಿ ಚಿಕ್ಕದೇನಲ್ಲ. ಎನ್‌ಎಫ್‌ಎಲ್‌ನ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ಮೂರು ಬಾರಿ ಪಡೆದ ಜೆ.ಜೆ. ವಾಟ್ ಹೈಸ್ಕೂಲಿನಲ್ಲಿ ಎರಡು ಸ್ಟಾರ್ ಆಟಗಾರ. ಸೆಂಟ್ರಲ್ ಮಿಷಿಗನ್ ಬಿಟ್ಟು ಸ್ಕಾಲರ್‌ಶಿಪ್ ಇಲ್ಲದೆ ವಿಸ್ಕಾನ್ಸಿನ್ ಸೇರಿದವರು. ಅದೇ ಪ್ರಶಸ್ತಿಯನ್ನು ಅಷ್ಟೇ ಬಾರಿ ಗೆದ್ದ ಆರನ್ ಡೊನಾಲ್ಡ್ ಮೂರು ಸ್ಟಾರ್‌ನವರು. ಇವರೆಲ್ಲರಿಗಿಂತ ಹೆಚ್ಚು ಕಲಿಸುವ ಕಥೆ ಜಾಶ್ ಅಲೆನ್ ಅವರದು. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಚಿಕ್ಕ ಊರಿನ ರೈತ ಕುಟುಂಬದ ಈ ಹುಡುಗನಿಗೆ ಹೈಸ್ಕೂಲ್ ಮುಗಿದಾಗ ಮೇಲಿನ ವಿಭಾಗದ ಒಂದು ತಂಡದಿಂದಲೂ ಕರೆ ಬರಲಿಲ್ಲ. ಹತ್ತಿರದ ರೀಡ್ಲಿ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಆಡುತ್ತ, ದೇಶದ ಕೋಚ್‌ಗಳಿಗೆಲ್ಲ ತಾವೇ ಇಮೇಲ್ ಬರೆದರು. ಹೈಸ್ಕೂಲಿನಲ್ಲಿ ತೆಳ್ಳಗಿದ್ದ ದೇಹ ಅಷ್ಟರಲ್ಲಿ ಆರೂವರೆ ಅಡಿಯ ಹತ್ತಿರ ಬೆಳೆದು ತುಂಬಿಕೊಂಡಿತ್ತು. ವಯೋಮಿಂಗ್ ಕೈಹಿಡಿಯಿತು. 2018ರ ಡ್ರಾಫ್ಟಿನಲ್ಲಿ ಅವರು ಏಳನೆಯವರಾಗಿ ಆಯ್ಕೆಯಾದರು, 2024ರ ಋತುವಿನಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿದರು. ದೊಡ್ಡ ಶಿಬಿರಗಳಿಂದ ದೂರದ ಊರು, ತಡವಾಗಿ ಬೆಳೆದ ಮೈ: ಶ್ರೇಯಾಂಕ ಎಡವುವ ಎರಡು ಮುಖ್ಯ ಕಾರಣಗಳು ಇಲ್ಲಿ ಒಬ್ಬನಲ್ಲೇ ಸೇರಿವೆ.

ಎಡವುವ ಪ್ರಮಾಣ ಆಡುವ ಸ್ಥಾನವನ್ನೂ ಅವಲಂಬಿಸಿದೆ. ವೇಗವನ್ನೇ ನೆಚ್ಚಿದ ಸ್ಥಾನಗಳಲ್ಲಿ ಹದಿನೇಳರ ಹುಡುಗನ ಓಟ ಕಣ್ಣಿಗೆ ಕಾಣುತ್ತದೆ, ಗಡಿಯಾರಕ್ಕೂ ಸಿಗುತ್ತದೆ. ಆಕ್ರಮಣ ಸಾಲಿನ ಲೈನ್‌ಮನ್‌ಗಳ ವಿಷಯ ಬೇರೆ. ಅವರು ಕಾಲೇಜಿಗೆ ಬಂದ ಮೇಲೆ ಹತ್ತಾರು ಕಿಲೊ ತೂಕ ಕೂಡಿಸಿಕೊಂಡು, ಎರಡು-ಮೂರು ವರ್ಷ ಕಾದು ಕಣಕ್ಕಿಳಿಯುವವರು. ಕ್ವಾರ್ಟರ್‌ಬ್ಯಾಕ್‌ನಲ್ಲಿ ತೋಳಿನ ಬಲ ಅಳೆಯಬಹುದು, ಎದುರಾಳಿಯ ವ್ಯೂಹವನ್ನು ಕ್ಷಣದಲ್ಲಿ ಓದಿಕೊಳ್ಳುವ ಬುದ್ಧಿಯನ್ನು ಶಿಬಿರದಲ್ಲಿ ಅಳೆಯಲಾಗದು. ಮೊಣಕಾಲಿನ ಗಾಯ, ಕೋಚ್ ಬದಲಾವಣೆ, ಓದಿನ ತೊಡಕು, ಮನೆಯ ಕಷ್ಟ ಇವ್ಯಾವುವೂ ಶ್ರೇಯಾಂಕದ ಲೆಕ್ಕಕ್ಕೆ ಬರುವುದಿಲ್ಲ. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಿಂದ 2021ರ ಮೇ ಕೊನೆಯವರೆಗೆ, ಕೋಚ್‌ಗಳು ಹುಡುಗರನ್ನು ಮುಖಾಮುಖಿ ಭೇಟಿಯಾಗುವುದೇ ನಿಷಿದ್ಧವಾಗಿತ್ತು. ಆ ವರ್ಷಗಳ ದರ್ಜೆಗಳನ್ನು ಹೆಚ್ಚು ಎಚ್ಚರಿಕೆಯಿಂದ ಓದಬೇಕು.

ತಂಡದ ಮಟ್ಟಕ್ಕೆ ಬಂದಾಗ ಚಿತ್ರ ತಿಳಿಯಾಗುತ್ತದೆ. ಒಂದು ತಂಡದ ಆಟಗಾರರಲ್ಲಿ ಕೆಲವರು ನಿರೀಕ್ಷೆಗಿಂತ ಮೇಲೇರುತ್ತಾರೆ, ಕೆಲವರು ಕುಸಿಯುತ್ತಾರೆ, ಬಿಡಿ ತಪ್ಪುಗಳು ಪರಸ್ಪರ ಕಳೆದುಹೋಗಿ ಸರಾಸರಿ ಉಳಿಯುತ್ತದೆ. ಒಳ್ಳೆಯ ಬ್ಯಾಚಿನ ಫಲ ಒಂದೇ ವರ್ಷಕ್ಕೆ ತೀರುವುದಿಲ್ಲ, ಮುಂದಿನ ಹಲವು ಋತುಗಳಿಗೆ ಹರಡಿಕೊಳ್ಳುತ್ತದೆ. ಹಾಗೆಯೇ ಗೆಲುವು ಮತ್ತೆ ಒಳ್ಳೆಯ ಹುಡುಗರನ್ನು ಸೆಳೆಯುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಲ್ಯಾಂಜೆಲೆಟ್ 2003ರ ಅಧ್ಯಯನದಲ್ಲಿ ತೋರಿಸಿದರು. ಸ್ಟೀಫನ್ ಬರ್ಗ್‌ಮನ್ ಮತ್ತು ಟ್ರೆವನ್ ಲೋಗನ್ ಒಂದು ಹೆಜ್ಜೆ ಮುಂದೆ ಹೋಗಿ, ಆಯಾ ವಿಶ್ವವಿದ್ಯಾಲಯದ ಹಣ, ಸೌಕರ್ಯ, ಹೆಸರು ಮೊದಲಾದ ಸ್ಥಿರ ಅನುಕೂಲಗಳನ್ನು ಬೇರ್ಪಡಿಸಿ ನೋಡಿದರು. ಆಗ ದರ್ಜೆಯ ಪ್ರಭಾವ ಮೊದಲು ಕಂಡದ್ದಕ್ಕಿಂತ ಕಡಿಮೆಯಾಯಿತು, ಆದರೆ ಇಲ್ಲವಾಗಲಿಲ್ಲ. ಶ್ರೇಯಾಂಕದ ಬಗ್ಗೆ ಇರುವ ತಿಳಿವಳಿಕೆಯಲ್ಲಿ ಇದು ಬಹಳ ಬೆಲೆಯುಳ್ಳದ್ದು: ದೊಡ್ಡ ತಂಡಗಳು ಗೆಲ್ಲುವುದಕ್ಕೆ ಹುಡುಗರು ಒಂದು ಕಾರಣ, ಹುಡುಗರನ್ನು ಅಲ್ಲಿಗೆ ಸೆಳೆದ ಆ ಅನುಕೂಲಗಳೇ ಮತ್ತೊಂದು ಕಾರಣ.

ಪತ್ರಕರ್ತ ಬಡ್ ಎಲಿಯಟ್ ಜನಪ್ರಿಯಗೊಳಿಸಿದ ಬ್ಲೂ ಚಿಪ್ ಅನುಪಾತ ಈ ವಿಚಾರವನ್ನು ಒಂದೇ ಸೂತ್ರಕ್ಕೆ ಇಳಿಸುತ್ತದೆ. ಹಿಂದಿನ ನಾಲ್ಕು ಬ್ಯಾಚುಗಳಲ್ಲಿ ಹೈಸ್ಕೂಲಿನಿಂದ ಬಂದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕು ಅಥವಾ ಐದು ಸ್ಟಾರ್‌ನವರಾಗಿದ್ದರೆ ಮಾತ್ರ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಬಲ್ಲದು ಎಂಬುದು ಅದರ ಸಾರ. ಆ ಗೆರೆ ದಾಟುವ ತಂಡಗಳು ಯಾವುದೇ ವರ್ಷ ಹದಿನೈದರ ಆಸುಪಾಸು. ನಿಕ್ ಸೇಬನ್ 2007ರಿಂದ 2023ರವರೆಗೆ ಕೋಚ್ ಆಗಿದ್ದಾಗ ಅಲಬಾಮಾ 2011ರಿಂದ 2017ರವರೆಗೆ ಸತತ ಏಳು ವರ್ಷ ಕಾಂಪೊಸಿಟ್ ಪಟ್ಟಿಯ ಮೊದಲ ಸ್ಥಾನ ಹಿಡಿಯಿತು. ಆ ಹದಿನೇಳು ಋತುಗಳಲ್ಲಿ ಆರು ಪ್ರಶಸ್ತಿ ಗೆದ್ದಿತು. ಗೆರೆಯ ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರ 2023ರ ಜನವರಿಯ ಅಂತಿಮ ಪಂದ್ಯದಲ್ಲಿ ಕಣ್ಣಿಗೆ ಹೊಡೆದಂತೆ ಕಂಡಿತು. ಸೆಮಿಫೈನಲ್‌ನಲ್ಲಿ ಮಿಷಿಗನ್ ತಂಡವನ್ನು 51–45ರಿಂದ ಸೋಲಿಸಿ ಬಂದಿದ್ದ, ಗೆರೆಯ ಕೆಳಗಿನ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ), ಬ್ಲೂ ಚಿಪ್ ಆಟಗಾರರಿಂದ ತುಂಬಿದ್ದ ಜಾರ್ಜಿಯಾದ ಎದುರು 65–7ರಿಂದ ಸೋತಿತು. ಅದೇ ಪಂದ್ಯದಲ್ಲಿ ಜಾರ್ಜಿಯಾದ ಕ್ವಾರ್ಟರ್‌ಬ್ಯಾಕ್ ಸ್ಟೆಟ್ಸನ್ ಬೆನೆಟ್ ನಾಲ್ಕು ಟಚ್‌ಡೌನ್ ಎಸೆದು ಎರಡನ್ನು ತಾವೇ ಓಡಿ ಗಳಿಸಿದರು. ಅವರು 2017ರಲ್ಲಿ ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿ, ನಡುವೆ ಮಿಸಿಸಿಪ್ಪಿಯ ಎರಡು ವರ್ಷದ ಕಾಲೇಜಿಗೆ ಹೋಗಿ ಮರಳಿದ್ದವರು. ತಂಡದ ಲೆಕ್ಕದಲ್ಲಿ ಶ್ರೇಯಾಂಕ ಎಷ್ಟು ಸರಿ, ಬಿಡಿ ಆಟಗಾರನ ಲೆಕ್ಕದಲ್ಲಿ ಎಷ್ಟು ಸಡಿಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅರ್ಧದ ಗೆರೆ ದಾಟುವುದು ಬಹುಕಾಲ ಪ್ರಶಸ್ತಿಗೆ ಬೇಕಾದ ಷರತ್ತಾಗಿತ್ತು, ಆದರೆ ಅದೊಂದೇ ಸಾಲದು. ಟೆಕ್ಸಸ್ ಎ ಅಂಡ್ ಎಂ 2022ರಲ್ಲಿ ಕಟ್ಟಿದ ಬ್ಯಾಚ್‌ಗೆ ಕಾಂಪೊಸಿಟ್ ಪಟ್ಟಿಯಲ್ಲಿ ಅದುವರೆಗಿನ ಅತಿ ಹೆಚ್ಚಿನ ಅಂಕ ಬಂದಿತ್ತು. ಆ ಋತುವಿನಲ್ಲಿ ತಂಡ 5 ಗೆದ್ದು 7 ಸೋತಿತು. ತವರಿನಲ್ಲೇ ಅಪಲೇಚಿಯನ್ ಸ್ಟೇಟ್‌ಗೆ 17–14ರಿಂದ ಸೋತದ್ದೂ ಅದರಲ್ಲಿ ಸೇರಿದೆ. ಮರುವರ್ಷದ ನವೆಂಬರಿನಲ್ಲಿ ಕೋಚ್ ಜಿಂಬೊ ಫಿಷರ್ ಹುದ್ದೆ ಕಳೆದುಕೊಂಡರು. ಮೊದಲ ವರ್ಷದ ಹುಡುಗರ ಮೇಲೆ ಈ ಸೋಲು ಹೊರಿಸುವುದು ನ್ಯಾಯವಲ್ಲ, ಬ್ಯಾಚಿನ ಬಲ ಕಾಣುವುದು ಅದು ಮೂರನೆಯ ವರ್ಷಕ್ಕೆ ಕಾಲಿಟ್ಟಾಗ. ಆದರೆ ಅದರ ಹಿಂದಿನ ಮೂರು ಬ್ಯಾಚುಗಳೂ ದೇಶದ ಮೊದಲ ಹತ್ತರೊಳಗಿದ್ದವು. ದಾಖಲೆಯ ಬ್ಯಾಚಿನ ಹಲವರು ಮೂರನೆಯ ವರ್ಷ ಬರುವ ಮೊದಲೇ ಬೇರೆ ತಂಡಗಳಿಗೆ ಹೊರಟುಹೋದರು. ಇನ್ನೊಂದು ಕಡೆ ಬಾಯ್ಸಿ ಸ್ಟೇಟ್, ವಿಸ್ಕಾನ್ಸಿನ್, ಕಾನ್ಸಸ್ ಸ್ಟೇಟ್, ಯೂಟಾದಂಥ ತಂಡಗಳು ಮೂರು ಸ್ಟಾರ್ ಹುಡುಗರನ್ನೇ ತಾಳ್ಮೆಯಿಂದ ಬೆಳೆಸಿ ಶ್ರೇಯಾಂಕ ಮೀರಿದ ಫಲ ಪಡೆದವು. ಬಾಯ್ಸಿ ಸ್ಟೇಟ್ 2007ರ ಹೊಸ ವರ್ಷದ ದಿನ ಫಿಯೆಸ್ಟಾ ಬೌಲ್‌ನಲ್ಲಿ ಒಕ್ಲಹೋಮಾವನ್ನು 43–42ರಿಂದ ಸೋಲಿಸಿತು. ಋತುವಿನ ಮುನ್ನ ತಂಡಗಳ ಬಲ ಅಂದಾಜಿಸುವ ಬಿಲ್ ಕಾನೆಲಿ ಅವರ ಎಸ್‌ಪಿ ಪ್ಲಸ್ ಮಾದರಿ ರಿಕ್ರೂಟ್ ದರ್ಜೆಯ ಜೊತೆಗೆ, ಮರಳಿ ಬರುವ ಅನುಭವಿ ಆಟಗಾರರನ್ನೂ ಹಿಂದಿನ ವರ್ಷಗಳ ಸಾಧನೆಯನ್ನೂ ಎಣಿಸುವುದು ಇದೇ ಕಾರಣಕ್ಕೆ.

ನಾಲ್ಕು ಬ್ಯಾಚುಗಳ ಸರಾಸರಿಯೇ ತಂಡ ಎಂಬ ಎಣಿಕೆ 2018ರಿಂದ ಸಡಿಲವಾಗುತ್ತ ಬಂದಿದೆ. ಆ ವರ್ಷದ ಅಕ್ಟೋಬರಿನಲ್ಲಿ ತಂಡ ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಆರಂಭವಾಯಿತು. 2021ರಲ್ಲಿ ಒಂದು ವರ್ಷ ಕಾಯದೆ ತಂಡ ಬದಲಿಸುವ ಅವಕಾಶವೂ, ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸುವ ಹಕ್ಕೂ ಆಟಗಾರರಿಗೆ ಸಿಕ್ಕವು. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 85 ಸ್ಕಾಲರ್‌ಶಿಪ್‌ಗಳ ಮಿತಿ ಹೋಗಿ 105 ಆಟಗಾರರ ಮಿತಿ ಬಂತು. ಈ ಬದಲಾವಣೆಗಳ ಫಲವನ್ನು ಇಂಡಿಯಾನಾದಲ್ಲಿ ಸ್ಪಷ್ಟವಾಗಿ ನೋಡಬಹುದು. 2023ರಲ್ಲಿ 3 ಗೆದ್ದು 9 ಸೋತಿದ್ದ ಆ ತಂಡಕ್ಕೆ ಕೋಚ್ ಆಗಿ ಬಂದ ಕರ್ಟ್ ಸಿಗ್ನೆಟಿ, ತಮ್ಮ ಹಿಂದಿನ ತಂಡ ಜೇಮ್ಸ್ ಮ್ಯಾಡಿಸನ್‌ನಿಂದ ಹನ್ನೆರಡಕ್ಕೂ ಹೆಚ್ಚು ಆಟಗಾರರನ್ನು ಕರೆತಂದರು. ಹೈಸ್ಕೂಲಿನ ದರ್ಜೆಗಿಂತ ಕಾಲೇಜಿನಲ್ಲಿ ಆಡಿ ತೋರಿಸಿದ್ದನ್ನು ನೋಡಿ ಆರಿಸಿದರು. 2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಹೈಸ್ಕೂಲಿನಲ್ಲಿ ಪಟ್ಟಿಯ ತಳದಲ್ಲಿದ್ದವರು. ಅವರು ಆ ವರ್ಷ ಕಾಲೇಜ್ ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಪಡೆದರು. 2026ರ ಜನವರಿಯಲ್ಲಿ ಇಂಡಿಯಾನಾ ಮಯಾಮಿಯನ್ನು 27–21ರಿಂದ ಸೋಲಿಸಿ, ಬ್ಲೂ ಚಿಪ್ ಅನುಪಾತದ ಅರ್ಧದ ಗೆರೆಗಿಂತ ಬಹಳ ಕೆಳಗಿದ್ದುಕೊಂಡೇ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಶ್ರೇಯಾಂಕ ಸಂಸ್ಥೆಗಳು ಈಗ ಪೋರ್ಟಲ್ ಮೂಲಕ ಬರುವವರಿಗೂ ಹೊಸದಾಗಿ ದರ್ಜೆ ಕೊಡುತ್ತವೆ, ಹೈಸ್ಕೂಲ್ ಬ್ಯಾಚಿನ ಪಟ್ಟಿಯ ಪಕ್ಕದಲ್ಲಿ ಎರಡನ್ನೂ ಕೂಡಿಸಿದ ಇನ್ನೊಂದು ಪಟ್ಟಿ ಪ್ರಕಟಿಸುತ್ತವೆ.